ಬೇಲಿಯೊಳಗಿನ ಎಡೆ

ನಮ್ಮ ಮನೆಯವರು ಇತಿಹಾಸದ ಮೇಷ್ಟ್ರು. ಹೆಸರು ವಾದಿರಾಜ. ಹೊಸಪೇಟೆಯ ಡಿಗ್ರಿ ಕಾಲೇಜೊಂದರಲ್ಲಿ ಬಹಳ ವರ್ಷಗಳಿಂದ ಸಾಮ್ರಾಜ್ಯಗಳನ್ನು ಕಟ್ಟುತ್ತ ಕೆಡವುತ್ತ ಬಂದಿದ್ದಾರೆ. ಕೊತ್ತಂಬರಿ ತರಲು ಕಳಿಸಿದರೆ ಮೆಂತ್ಯ ತರುವ ಈ ಮನುಷ್ಯ ಊಟಕ್ಕೆ ಕೂತರೆ ಸಾರನ್ನ ಮುಗಿಯುವಷ್ಟರಲ್ಲಿ ರಾಯಚೂರು ಗೆದ್ದಿರುತ್ತಾರೆ, ಮಜ್ಜಿಗೆಯ ಹೊತ್ತಿಗೆ ಉದಯಗಿರಿ ಮುಟ್ಟಿರುತ್ತಾರೆ. ನನ್ನ ತವರು ಕಂಪ್ಲಿ. ನೆಂಟರು ಬಂದಾಗಲೆಲ್ಲ, "ಕಂಪ್ಲಿ ಗೆಲ್ಲಲಿಕ್ಕೆ ದಿಲ್ಲಿಯವರು ಎಷ್ಟು ಸಲ ದಂಡು ತರಬೇಕಾತು. ನಾನು ಒಂದು ಬಾಸಿಂಗ ಕಟ್ಟಿಕೊಂಡು ಹೋಗಿ ಗೆದ್ದುಬಂದೆ" ಎಂದು ಹೇಳಿ ಎಲ್ಲರನ್ನೂ ನಗಿಸುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ.

ಅವರಿಗೆ ಪ್ರಿಯವಾದ ಪಾಠ ಒಂದಿದೆ. ರಾಜ್ಯಗಳು ಹೇಗೆ ಬೆಳೆದವು ಎಂಬುದು. ಕತ್ತಿಯಿಂದ ನೆಲ ಸಿಗುತ್ತದೆ, ಆದರೆ ನಿಲ್ಲುವುದಿಲ್ಲ ಎಂದು ಶುರುಮಾಡುತ್ತಾರೆ. ಬುದ್ಧಿವಂತ ಅರಸು ಮೊದಲು ಗಡಿಯಾಚೆ ಒಂದು ಕೆರೆ ಕಟ್ಟಿಸುತ್ತಾನೆ. ಆಮೇಲೆ ಕೆರೆಯ ಪಕ್ಕದಲ್ಲಿ ಒಂದು ಗುಡಿ. ಆಮೇಲೆ ಅಲ್ಲಿಯ ಪಾಳೇಗಾರನಿಗೆ ಒಂದು ಬಿರುದು ಕೊಟ್ಟು, ಮೈಮೇಲೆ ಒಂದು ಶಾಲು ಹೊದಿಸಿ, ಅವನ ದೇವತೆಯನ್ನು ತನ್ನ ದೇವರ ಮಗ್ಗುಲಲ್ಲಿ ಕೂರಿಸಿಕೊಳ್ಳುತ್ತಾನೆ. ಗಡಿ ಮುಂದಕ್ಕೆ ಹೋದದ್ದು ಯಾರಿಗೂ ತಿಳಿಯುವುದೇ ಇಲ್ಲ. ಪ್ರತಿ ವರ್ಷ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿ ಮಹಾನವಮಿ ದಿಬ್ಬದ ಮೇಲೆ ನಿಲ್ಲಿಸಿ ಇದನ್ನೇ ಹೇಳುತ್ತಾರೆ. ಮನೆಯಲ್ಲೂ ಹೇಳುತ್ತಾರೆ. ನನಗೆ ವಿಷ್ಣುಸಹಸ್ರನಾಮಕ್ಕಿಂತ ಚೆನ್ನಾಗಿ ಬಾಯಿಪಾಠವಾಗಿದೆ. ಬಾಯಿಪಾಠವಾದದ್ದು ತಲೆಗೆ ಹತ್ತಿರುತ್ತದೆಂದು ಏನೂ ಇಲ್ಲವಲ್ಲ.

ನಮ್ಮ ಬಡಾವಣೆ ಸಂಡೂರು ರಸ್ತೆಯ ಕಡೆಗಿದೆ. ಅದಿರಿನ ಲಾರಿಗಳ ಧೂಳು ಒಣಹಾಕಿದ ಬಿಳಿ ಪಂಚೆಯನ್ನು ಸಂಜೆಯೊಳಗೆ ಕಾವಿ ಮಾಡಿಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಗಂಡಸರೆಲ್ಲ ಅರ್ಧ ಸನ್ಯಾಸಿಗಳೇ. ಸಾಲಿನಲ್ಲಿ ಕೊನೆಯ ಮನೆ ನಮ್ಮದು. ಅದರಾಚೆ ಕಾಲುವೆಯವರೆಗೆ ಇಳಿಜಾರು ನೆಲ, ನಡುವೆ ಒಂದು ಹಳೆಯ ಬೇವಿನಮರ, ಮರದ ಸುತ್ತ ಸುಣ್ಣ ಬಳಿದ ಮೊಣಕಾಲೆತ್ತರದ ಕಲ್ಲುಗಳು. ಅಡುಗೆಮನೆಯ ಕಿಟಕಿಯಿಂದ ದಿನಾ ಕಾಣುತ್ತಿದ್ದವು. ಯಾರೋ ದನ ಕಟ್ಟಲು ನೆಟ್ಟಿರಬೇಕು ಅಂದುಕೊಂಡಿದ್ದೆ. ದನ ಕಟ್ಟುವ ಕಲ್ಲಿಗೆ ಯಾರಾದರೂ ಸುಣ್ಣ ಬಳಿಯುತ್ತಾರೆಯೇ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ನಮ್ಮ ಬಾಯಲ್ಲಿ ಅದು 'ಖಾಲಿ ಜಾಗ' ಆಗಿತ್ತು.

ಎದುರು ಮನೆಯ ಶೀನಪ್ಪನವರು ಡ್ಯಾಮಿನ ಕಾಲುವೆ ಆಫೀಸಿನಲ್ಲಿದ್ದು ನಿವೃತ್ತರಾದವರು, ಬಡಾವಣೆ ಸಂಘದ ಅಧ್ಯಕ್ಷರು. ಕೈ ಖಾಲಿ ಇರುವುದು ಅವರಿಗೆ ಆಗಿಬರುವುದಿಲ್ಲ. ಒಂದು ಮಳೆಗಾಲದಲ್ಲಿ ಆ ಜಾಗದಲ್ಲಿ ಹೊಂಗೆ ಸಸಿ ನೆಡಿಸಿದರು. ಒಳ್ಳೆಯ ಕೆಲಸ, ಯಾರು ಬೇಡ ಅನ್ನುತ್ತಾರೆ? ಸಸಿಯನ್ನು ಮೇಕೆ ತಿನ್ನುತ್ತದೆಂದು ಒಂದೊಂದಕ್ಕೂ ಬೇಲಿ ಕಟ್ಟಿಸಿದರು. ಒಂದೊಂದಕ್ಕೂ ಬೇಲಿ ದುಬಾರಿಯೆಂದು ಎಲ್ಲಕ್ಕೂ ಸೇರಿಸಿ ಒಂದೇ ತಂತಿ ಬೇಲಿ ಹಾಕಿಸಿದರು. ಬೇಲಿ ಆದಮೇಲೆ ಗೇಟು ಬಂತು, ಗೇಟು ಬಂದಮೇಲೆ ಬೀಗ ಬಂತು. ವಯಸ್ಸಾದವರು ಕೂರಲಿ ಎಂದು ಸಿಮೆಂಟಿನ ಬೆಂಚು ಬಂತು.

ದೇವರನ್ನು ಕೇಳಿದವಳು ನಾನು. ನನ್ನ ಮೊಣಕಾಲಿಗೆ ಪೇಟೆಯ ಗುಡಿ ದೂರ. "ಇಲ್ಲೇ ಒಂದು ಪ್ರಾಣದೇವರನ್ನ ಇಟ್ಟರ ಎಷ್ಟು ಛಲೋ ಆಗ್ತಿತ್ತು" ಎಂದು ಒಂದು ಶನಿವಾರ ಅಂದೆ. ಶೀನಪ್ಪನವರಿಗೆ ಅಷ್ಟು ಸಾಕಾಯಿತು.

ಗುಡಿಗೆ ಪಾಯ ತೋಡಲು ಬಂದವರು ಸುಣ್ಣದ ಕಲ್ಲುಗಳನ್ನು ಕಿತ್ತು ಒಂದು ಕಡೆ ಗುಡ್ಡೆ ಹಾಕಿದರು. ಮಾರನೆಯ ದಿನ ಗಾದಿಗನೂರಿನಿಂದ ಆಟೋದಲ್ಲಿ ಮೂವರು ಬಂದರು. ತಾಯಕ್ಕ ಎಂಬ ಮುದುಕಿ, ಅವಳ ಮಗ ಯಲ್ಲೇಶ್, ಮೊಮ್ಮಗಳು ಚಂದ್ರಕಲಾ. ತಾಯಕ್ಕ ಗುಡ್ಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಕಲ್ಲನ್ನು ಹೊರಳಿಸಿ ನೋಡಿ, ಒಂದರ ಮೇಲೆ ಕೈಯಿಟ್ಟು, "ಇದು ನಮ್ಮ ಮನ್ಯಾರ್ದು" ಎಂದಳು.

ಯಾರದ್ದು ಎಂದು ಶೀನಪ್ಪನವರು ಕೇಳಿದರು. ಗಂಡನ ಹೆಸರು ಹೇಳುವ ಪದ್ಧತಿ ಅವಳಲ್ಲಿ ಇರಲಿಲ್ಲ. ಅವಳು ಮಗನ ಮುಖ ನೋಡಿದಳು.

"ನಮ್ಮಪ್ಪ, ಮೂಕಣ್ಣ. ಇಲ್ಲೇ ಮಣ್ಣು ಮಾಡಿದ್ವಿ" ಎಂದ ಯಲ್ಲೇಶ್. ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುವವನು, ಅಂಗಿಯ ಹೊಲಿಗೆಯೊಳಗೂ ಕೆಂಪು ಮಣ್ಣು. "ನಮ್ಮ ತಾತ, ಮುತ್ತಾತ ಎಲ್ಲಾರೂ ಇಲ್ಲೇ ಅದಾರ. ಕಾಲುವಿ ಬರೋಕಿಂತ ಮುಂಚೆ ನಮ್ಮ ಹಟ್ಟಿ ಇಲ್ಲೇ ಇತ್ತು. ಬದುಕಿದ್ದೋರನ್ನ ಗಾದಿಗನೂರಿಗೆ ಕಳಿಸಿದ್ರು. ಸತ್ತೋರು ಎಲ್ಲಿ ಹೋಗ್ತಾರ?"

ಶೀನಪ್ಪನವರು ಪೊಲೀಸು ಎಂದರು. ಯಲ್ಲೇಶ್, ಕರೀರಿ ನೋಡಾಮು ಎಂದ. ಅಷ್ಟರಲ್ಲಿ ನಮ್ಮ ಮನೆಯವರು ಕಾಲೇಜು ಮುಗಿಸಿ ಬಂದರು. ಅವರನ್ನು ಕಂಡದ್ದೇ ಚಂದ್ರಕಲಾಳ ಮುಖ ಅರಳಿತು. "ಸರ್!" ಎಂದಳು. ಬಿ.ಎ. ಎರಡನೇ ವರ್ಷ, ಅವರದೇ ವಿದ್ಯಾರ್ಥಿನಿ. ಹಂಪಿಗೆ ಹೋದಾಗ ಅತಿ ಹೆಚ್ಚು ಪ್ರಶ್ನೆ ಕೇಳಿದ ಹುಡುಗಿ ಎಂದು ಅವರು ಹಿಂದೆ ಹೊಗಳಿದ್ದು ಇವಳನ್ನೇ. ಸರ್ ಬಂದರು, ಇನ್ನು ಎಲ್ಲ ಸರಿಹೋಗುತ್ತದೆ ಎಂದು ಅವಳು ಅಜ್ಜಿಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಸಂಘದ ಸಭೆ. ನಾನು ಒಗ್ಗರಣೆ ಮಂಡಕ್ಕಿ ಮಾಡಿದ್ದೆ. ಎಲ್ಲರೂ ಮಂಡಕ್ಕಿ ಮೆಲ್ಲುತ್ತ ಕೋರ್ಟು, ಸರ್ವೆ ಎಂದು ಮಾತಾಡುತ್ತಿದ್ದರೆ ನಮ್ಮ ಮನೆಯವರು ಕೈ ಒರೆಸಿಕೊಂಡು ಎದ್ದು ನಿಂತರು. ಪಾಠ ಶುರುವಾಗುತ್ತದೆಂದು ನನಗೆ ಗೊತ್ತಾಯಿತು.

"ನೋಡ್ರಿ, ಪಂಪಾದೇವಿ ಈ ನೆಲದ ದೇವತಿ. ವಿರೂಪಾಕ್ಷ ಬಂದಮ್ಯಾಲೆ ಆಕೀನ್ನ ಓಡಿಸಿದನೇನು? ಇಲ್ಲ. ಮದುವಿ ಮಾಡಿಕೊಂಡ. ಆಕಿ ಊರಿನವರೆಲ್ಲ ಬೀಗರಾದರು. ಜಗಳ ಯಾಕ? ಒಳಗ ತಗೋರಿ. ಒಂದು ಕಲ್ಲು ಬೇವಿನಮರದ ಬುಡಕ್ಕ ಇರಲಿ. ಪ್ರತಿಷ್ಠಾಪನಾ ದಿನ ಆ ಮುದುಕಿಗೆ ಒಂದು ಶಾಲು ಹೊದಿಸೋಣ. ವರ್ಷಕ್ಕೊಮ್ಮೆ ಅವರು ಬಂದು ತಮ್ಮ ಹಿರಿಯರಿಗೆ ಎಡಿ ಕೊಟ್ಟು ಹೋಗಲಿ. ನಮ್ಮ ಗಂಟೇನು ಹೋಗ್ತದ?"

ಶೀನಪ್ಪನವರು ತೊಡೆ ತಟ್ಟಿಕೊಂಡು, "ಅದಕ್ಕ ನಿಮ್ಮನ್ನ ಮೇಷ್ಟ್ರು ಅನ್ನೋದು" ಎಂದರು. ಆ ರಾತ್ರಿ ನಮ್ಮ ಮನೆಯವರು ಎರಡು ತುತ್ತು ಹೆಚ್ಚಿಗೆ ಉಂಡರು.

ಮಾರನೆಯ ದಿನ ಅದೇ ಕಲ್ಲುಗುಡ್ಡೆಯ ಪಕ್ಕದಲ್ಲಿ ತಾಯಕ್ಕನಿಗೆ ಇದನ್ನೆಲ್ಲ ತಿಳಿಸಿ ಹೇಳಿದವಳು ಚಂದ್ರಕಲಾ. "ನಮ್ಮ ತಾತನ್ನ ದೇವರ ಮಗ್ಗಲದಾಗ ಇಡ್ತಾರಂತ ಅಜ್ಜಿ. ಯಾರಿಗೈತಿ ಈ ಮರ್ಯಾದಿ?" ಎಂದು ಸಂಭ್ರಮದಿಂದ ಹೇಳಿದಳು. ಯಲ್ಲೇಶ್ ಮಾತ್ರ, "ಉಳಿದ ಕಲ್ಲು?" ಎಂದ.

"ಎಲ್ಲರಿಗೂ ಸೇರಿ ಒಂದು. ಸಾಂಕೇತಿಕವಾಗಿ" ಎಂದರು ನಮ್ಮ ಮನೆಯವರು. ಯಲ್ಲೇಶ್ ಗುಡ್ಡೆಯ ಕಡೆ ತಿರುಗಿ ಕಲ್ಲುಗಳನ್ನು ಎಣಿಸತೊಡಗಿದ. ಗುಡಿಯ ಮೆಟ್ಟಿಲಿಗೆ ಕಲ್ಲು ಎಲ್ಲಿಂದ ಬಂತೆಂದು ಆಮೇಲೆ ನಾನೂ ಕೇಳಲಿಲ್ಲ. ಕೇಳದಿದ್ದರೂ ಗೊತ್ತಿತ್ತು.

ಪ್ರತಿಷ್ಠಾಪನೆ ಬೇಸಿಗೆಯಲ್ಲಿ ಆಯಿತು. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ತಾಯಕ್ಕ ಹೊದಿಸಿದ ಶಾಲನ್ನು ತೆಗೆಯದೆ ಊಟ ಮುಗಿಯುವವರೆಗೂ ಬೆವರುತ್ತ ಕೂತಿದ್ದಳು. ತೆಗೆದರೆ ಕೊಟ್ಟವರಿಗೆ ಅವಮಾನ ಅಂದುಕೊಂಡಿರಬೇಕು. ಗೇಟಿನ ಬೀಗದ ಕೈ ಹತ್ತಿರದ ಮನೆಯೆಂದು ನಮ್ಮಲ್ಲೇ ಉಳಿಯಿತು.

ಎಲ್ಲ ಚೆನ್ನಾಗಿಯೇ ನಡೆಯಿತು. ನಾನು ದಿನಾ ಬೆಳಿಗ್ಗೆ ಪ್ರಾಣದೇವರಿಗೆ ಹೂ ಏರಿಸಿ ಪ್ರದಕ್ಷಿಣೆ ಹಾಕುತ್ತಿದ್ದೆ. ಬೇವಿನ ಬುಡದ ಕಲ್ಲಿಗೂ ಒಂದು ಹೂ ಇಡುತ್ತಿದ್ದೆ. ನನ್ನಂಥ ದೊಡ್ಡ ಮನಸ್ಸಿನವಳು ಈ ಬಡಾವಣೆಯಲ್ಲಿ ಇನ್ನೊಬ್ಬಳಿಲ್ಲ ಎಂಬ ಭಾವನೆ ಹೂವಿನ ಜೊತೆಗೇ ಬರುತ್ತಿತ್ತು.

ಹೀಗಿರುವಾಗ ಪಿತೃಪಕ್ಷ ಬಂತು. ಕಡೆಯ ದಿನ ಅಮಾವಾಸ್ಯೆ. ನಮ್ಮ ಮನೆಯಲ್ಲಿ ಸರ್ವಪಿತೃ ಶ್ರಾದ್ಧ. ಬೆಳಗಿನ ಜಾವವೇ ಎದ್ದು ಒದ್ದೆ ಸೀರೆಯಲ್ಲಿ ಮಡಿಯಲ್ಲಿ ಅಡುಗೆ ಮಾಡಿದ್ದೆ. ಮಾವನವರಿಗೆ ಹೆಸರುಬೇಳೆ ಪಾಯಸ ಎಂದರೆ ಪ್ರಾಣ. ಹಾಗಲಕಾಯಿ ಗೊಜ್ಜು ಕೂಡ. ಕಹಿ ಅಂದರೆ ಓಡಿಹೋಗುವ ನನ್ನ ಗಂಡನಿಗೆ ಇಷ್ಟವಿಲ್ಲದಿದ್ದರೂ ಹಾಗಲಕಾಯಿ ತಪ್ಪಿಸುವುದಿಲ್ಲ. ಹೋದವರಿಗೆ ಏನು ಇಷ್ಟವೋ ಅದನ್ನು ಬಡಿಸದಿದ್ದರೆ ಶ್ರಾದ್ಧಕ್ಕೆ ಅರ್ಥವೇನು?

ಬ್ರಾಹ್ಮಣರ ಊಟ ಮುಗಿದು ದಕ್ಷಿಣೆಯ ಹೊತ್ತು. ಪಕ್ಕದ ಗೇಟನ್ನು ಯಾರೋ ಅಲುಗಾಡಿಸಿದ ಸದ್ದಾಯಿತು. ಕಿಟಕಿಯಿಂದ ನೋಡಿದರೆ ತಾಯಕ್ಕ. ತಲೆಯ ಮೇಲೆ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ. ಹಿಂದೆ ಚಂದ್ರಕಲಾ ಹೊಸ ಚೂಡಿದಾರದಲ್ಲಿ ಎರಡು ಕೈಯಲ್ಲಿ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಳು. ಯಲ್ಲೇಶ್ ನೀರಿನ ಕೊಡ ಹೊತ್ತಿದ್ದ.

"ಅವರು ಬಂದಾರ. ಎಡಿ ಕೊಡಲಿಕ್ಕೆ" ಎಂದೆ.

ನಮ್ಮ ಮನೆಯವರು ಮಡಿ ಪಂಚೆಯಲ್ಲಿ ಕೂತಲ್ಲಿಂದಲೇ, "ಗೇಟು ತೆಗಿ, ಕೊಟ್ಟು ಹೋಗಲಿ. ನಾ ಏಳೋಹಂಗಿಲ್ಲ" ಎಂದರು. ಆಗಲೇ ಕಿಟಕಿಯಿಂದ ಮಸಾಲೆಯ ವಾಸನೆ ಒಳಗೆ ಬಂತು. ಬ್ರಾಹ್ಮಣಾರ್ಥಕ್ಕೆ ಬಂದವರೊಬ್ಬರು ಮೂಗಿಗೆ ಉತ್ತರೀಯ ಅಡ್ಡ ಹಿಡಿದರು. ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಎಡೆ ಎಂದರೆ ತೆಂಗಿನಕಾಯಿ, ಬಾಳೆಹಣ್ಣು, ಹೆಚ್ಚೆಂದರೆ ಹೋಳಿಗೆ ಎಂದು ಅವರು ತಿಳಿದಿದ್ದರು. ಹಂಪಿಯ ಕಲ್ಲುಕಲ್ಲಿನ ಶಾಸನ ಓದಿದವರು ನಾಲ್ಕು ಹರದಾರಿ ದೂರದ ಗಾದಿಗನೂರಿನಲ್ಲಿ ಅಮಾಸೆಯ ದಿನ ಹಿರಿಯರಿಗೆ ಏನು ಬಡಿಸುತ್ತಾರೆ ಎಂದು ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ. ಎಡೆ ಕೊಡಿ ಎಂದವರಿಗೆ ಎಡೆ ಎಂದರೇನು ಎಂದು ಯಾರಾದರೂ ವಿವರಿಸುತ್ತಾರೆಯೇ?

"ನೀ ಹೋಗು. ನಿನ್ನ ಅಡಗಿ ಮುಗೀತಲ್ಲ. ಏನರ ಹೇಳಿ ಸಮಾಧಾನ ಮಾಡು" ಎಂದರು ಮೆಲ್ಲಗೆ. ಮಡಿಯನ್ನು ಮುಂದೆ ಹಿಡಿದು ಹಿಂದೆ ಸರಿದರು. ನನಗೆ ಸಿಟ್ಟು ಬಂತು. ಆದರೂ ಬೀಗದ ಕೈ ತೆಗೆದುಕೊಂಡು ಹೋದೆ.

ನಾನು ಹತ್ತಿರ ಬಂದದ್ದೇ ತಾಯಕ್ಕ ಬುಟ್ಟಿ ಸಮೇತ ಹಿಂದೆ ಸರಿದಳು.

"ದೂರ ನಿಂತ್ಕಳ್ರಿ ಅಮ್ಮಾರ, ನಿಮ್ಮ ಮಡಿ ಕೆಡತೈತಿ. ಕೀಲಿ ತೆಗೆದು ನೀವು ಹೋಗ್ರಿ. ಜಲ್ದಿ ಎಡಿ ಹಾಕಿ ಬಂದುಬಿಡ್ತೀವಿ. ಹೊತ್ತಾಗೈತಿ, ಹಸಕಂಡಿರ್ತಾರ."

ಹಸಿದಿರುವವರು ಯಾರು ಎಂದು ಅರ್ಥವಾಗಲು ನನಗೆ ಒಂದು ಗಳಿಗೆ ಹಿಡಿಯಿತು. ಬೀಗಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಶೀನಪ್ಪನವರು ಎದುರಿನಿಂದ ರಸ್ತೆ ದಾಟಿ ಬಂದರು. ಅವರ ಮೂಗು ಅವರಿಗಿಂತ ಮುಂದೆ ಬಂದಿತ್ತು.

"ಏನದು ಡಬ್ಯಾಗ?"

"ಕೋಳಿ ಸಾರು ರೀ" ಎಂದಳು ತಾಯಕ್ಕ, ಮುಚ್ಚುಮರೆಯಿಲ್ಲದೆ. "ನಾಟಿ ಕೋಳಿ. ಮನ್ಯಾಗ ಸಾಕಿದ್ದು. ನಮ್ಮ ಮನ್ಯಾರಿಗೆ ಭಾಳ ಇಷ್ಟ."

"ಪ್ರಾಣದೇವರ ಮುಂದ ಕೋಳಿನಾ? ಬುದ್ಧಿ ಅದನ ನಿನಗ?"

"ದೇವರ ಮುಂದಲ್ರಿ ಯಪ್ಪಾ. ಬೇವಿನಗಿಡದ ಬುಡಕ್ಕ. ನಮ್ಮ ಮನ್ಯಾರ ಮುಂದ."

"ಎಲ್ಲಾ ಒಂದೇ ಕಾಂಪೌಂಡು. ಆಗೋಹಂಗಿಲ್ಲ."

ಯಲ್ಲೇಶ್ ಕೊಡ ಇಳಿಸಿದ. ತಾಯಕ್ಕ ಅವನ ತೋಳು ಹಿಡಿದಳು. "ಸುಮ್ಕಿರಲೇ. ನಿಮ್ಮಪ್ಪನ ಮುಂದ ಜಗಳ ತೆಗೀಬ್ಯಾಡ."

ಚಂದ್ರಕಲಾ ನನ್ನ ಕಡೆ ತಿರುಗಿದಳು. "ಮೇಡಂ, ಸರ್ ಹೇಳಿದ್ರಲ್ರಿ, ವರ್ಷಕ್ಕೊಮ್ಮೆ ಬಂದು ಎಡಿ ಕೊಡ್ರಿ ಅಂತ. ಸರ್ನ ಒಂಚೂರು ಕರೀರಿ. ಅವ್ರು ಹೇಳಿದ್ರ ಇವ್ರು ಕೇಳ್ತಾರ."

"ಅವರು ಶ್ರಾದ್ಧದಾಗ ಕೂತಾರಮ್ಮ. ಏಳಲಿಕ್ಕೆ ಬರೋದಿಲ್ಲ" ಎಂದೆ. ಅದು ನಿಜ. ಶೀನಪ್ಪನವರು ಬೀಗದ ಮೇಲಿನ ನನ್ನ ಕೈಯನ್ನೇ ನೋಡುತ್ತಿದ್ದರು. ನಾಳೆ ಬಡಾವಣೆಯೆಲ್ಲ ಮಾತಾಡಿಕೊಳ್ಳುತ್ತದೆ, ವಾದಿರಾಜರ ಹೆಂಡತಿಯೇ ಗುಡಿಯೊಳಗೆ ಕೋಳಿ ಬಿಟ್ಟಳು ಎಂದು. ಆ ಒಂದು ಮಾತಿಗೆ ಹೆದರಿದೆ. ಬೇರೆ ಯಾವ ದೊಡ್ಡ ಕಾರಣವೂ ಇರಲಿಲ್ಲ. ಹೆದರಿ, ನನ್ನ ಗಂಡನಿಗಿಂತ ಜಾಣೆಯಂತೆ ಒಂದು ದಾರಿ ಹುಡುಕಿದೆ.

"ತಾಯಕ್ಕ, ಹಿಂಗ ಮಾಡು. ಸಾರು ಇಲ್ಲೇ ಇರಲಿ. ಅನ್ನ, ಸಿಹಿ ಏನಾದರೂ ಇದ್ದರ ಅದನ್ನಷ್ಟೇ ಒಳಗ ತಗೊಂಡು ಹೋಗು. ಎಲ್ಲಾರಿಗೂ ಛಲೋ."

ತಾಯಕ್ಕ ನನ್ನನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಅಂಗಡಿಯಲ್ಲಿ ಒಂದು ಸಾಮಾನು ಇಲ್ಲವೆಂದಾಗ ಇನ್ನೊಂದು ಸಾಕೇ ಎಂದು ಲೆಕ್ಕ ಹಾಕುತ್ತೇವಲ್ಲ, ಹಾಗೆ. ಆಮೇಲೆ ಗೇಟಿನ ಹೊರಗೆ ಮಣ್ಣಿನಲ್ಲಿ ಕೂತು ಬುಟ್ಟಿಯ ಬಟ್ಟೆ ತೆಗೆದಳು.

ಎಡೆಯನ್ನು ಮನೆಯಲ್ಲೇ ಬಡಿಸಿಕೊಂಡು ಬಂದಿದ್ದಳು. ಮುತ್ತುಗದ ಎಲೆಯ ಮೇಲೆ ಅನ್ನ, ಅನ್ನದ ಮೇಲೆ ಆಗಲೇ ಸಾರು, ಒಂದು ಕಾಲಿನ ತುಂಡು, ಮಗ್ಗುಲಲ್ಲಿ ಜೋಳದ ರೊಟ್ಟಿ, ಕಡುಬು, ಒಂದು ಕಟ್ಟು ಬೀಡಿ. ಡಬ್ಬಿಯ ಸಾರು ಮೇಲೆ ಹಾಕಲಿಕ್ಕಿದ್ದದ್ದು. ಅವಳು ಕಾಲಿನ ತುಂಡನ್ನು ಎತ್ತಿ ಡಬ್ಬಿಯ ಮುಚ್ಚಳದ ಮೇಲಿಟ್ಟಳು. ಸಣ್ಣ ಸಣ್ಣ ತುಂಡುಗಳನ್ನು ಬೆರಳಿನಿಂದ ಹುಡುಕಿ ಹುಡುಕಿ ತೆಗೆದಳು. ಅನ್ನ ಕೆಂಪಗೆ ನೆನೆದಿತ್ತು.

"ಈ ಅನ್ನ ನಡಿತೈತೇನ್ರಿ?" ಎಂದು ಕೇಳಿದಳು.

ನಡೆಯುತ್ತದೆ ಎನ್ನಬಹುದಾಗಿತ್ತು. ನಾನು ಶೀನಪ್ಪನವರ ಕಡೆ ನೋಡಿದೆ. ಅವರು ತಲೆ ಅಡ್ಡಡ್ಡ ಆಡಿಸಿದರು.

ಅವಳು ಅನ್ನವನ್ನೂ ತೆಗೆದಳು. ರೊಟ್ಟಿಯ ಅಂಚಿಗೆ ಸಾರು ತಾಗಿತ್ತು, ಅದನ್ನು ಮುರಿದಳು. ಮುರಿದದ್ದು ನೋಡಿ ಮನಸ್ಸಾಗದೆ ಪೂರ್ತಿ ರೊಟ್ಟಿಯನ್ನೇ ಪಕ್ಕಕ್ಕಿಟ್ಟಳು. ಬೀಡಿ ಕಟ್ಟನ್ನು ಕೇಳಲೂ ಇಲ್ಲ, ತಾನಾಗಿಯೇ ಸೆರಗಿಗೆ ಕಟ್ಟಿಕೊಂಡಳು. ಕೊನೆಗೆ ಹೊಸ ಎಲೆಯ ಮೇಲೆ ಎರಡು ಕಡುಬು ಉಳಿದವು.

"ಅಜ್ಜಿ, ಬ್ಯಾಡ. ಹೋಗಾಮು ನಡಿ" ಎಂದಳು ಚಂದ್ರಕಲಾ.

"ಹುಚ್ಚಿ. ಅಮಾಸಿ ದಿನ ಉಪವಾಸ ಕೆಡವಿ ಹೋಗ್ತಾರೇನು?" ಎಂದು ತಾಯಕ್ಕ ಎದ್ದಳು.

ಬೀಗ ತೆಗೆದೆ. ಎಲೆ, ಒಂದು ಚೆಂಬು ನೀರು ಹಿಡಿದು ಅವಳೊಬ್ಬಳೇ ಒಳಗೆ ಹೋದಳು. ಪ್ರಾಣದೇವರ ಮುಂದೆ ಒಂದು ಗಳಿಗೆ ನಿಂತು ಕೈ ಮುಗಿದಳು. ಮೆಟ್ಟಿಲನ್ನು ತುಳಿಯದೆ ಸುತ್ತಿಕೊಂಡು ಬೇವಿನ ಬುಡಕ್ಕೆ ಹೋದಳು. ಆ ಮೆಟ್ಟಿಲ ಕಲ್ಲುಗಳ ಗುರುತು ಅವಳಿಗೆ ಹತ್ತಿತ್ತೋ, ಅಥವಾ ದೇವರ ಮೆಟ್ಟಿಲು ಎಂಬ ಅಂಜಿಕೆಯೋ ನನಗೆ ತಿಳಿಯಲಿಲ್ಲ. ಕಲ್ಲಿನ ಮುಂದೆ ನೀರು ಚಿಮುಕಿಸಿ ಎಲೆ ಇಟ್ಟಳು. ಊದುಬತ್ತಿ ಹಚ್ಚಿದಳು. ಆಮೇಲೆ ಜೀವಂತ ಗಂಡನೊಡನೆ ಅಡುಗೆಮನೆಯಲ್ಲಿ ಮಾತಾಡುವಂತೆ ಮಾತಾಡಿದಳು. ಬೇಲಿಯಾಚೆ ನಿಂತ ನಮಗೆಲ್ಲ ಒಂದೊಂದು ಮಾತೂ ಕೇಳಿಸಿತು.

"ಸಿಟ್ಟಾಗಬ್ಯಾಡ್ರಿ. ಕೋಳಿ ಮಾಡಿದ್ದೆ, ಒಳಗ ತರಂಗಿಲ್ಲಂತ. ಈಗ ನಾವು ಇವರ ಮನ್ಯಾಗ ಅದೀವಿ. ಅವರು ಏನು ಉಂತಾರೋ ಅದನ್ನೇ ಉಣ್ಣಬೇಕು. ಹೊಂದ್ಕಂಡು ಹೋಗ್ರಿ."

ಯಲ್ಲೇಶ್ ಮುಖ ತಿರುಗಿಸಿ ಕಾಲುವೆಯ ಕಡೆ ನೋಡುತ್ತ ನಿಂತ. ಚಂದ್ರಕಲಾ ಅಳುತ್ತಿದ್ದಳು. ನನಗೆ ಅಲ್ಲೇ ನೆಲ ಬಿರಿದು ನುಂಗಿದ್ದರೆ ಸಾಕು ಅನ್ನಿಸಿತು. ಅವಳ ಗಂಡನ ಎಲುಬಿನ ಮೇಲೆ ಗುಡಿ ಕಟ್ಟಿ, ಅವಳ ಗಂಡನ ನೆಲದಲ್ಲೇ ಅವನನ್ನು ನಮ್ಮ ಮನೆಯ ಅತಿಥಿ ಮಾಡಿದ್ದೆವು. ಅದನ್ನು ಅವಳು ಒಪ್ಪಿಕೊಂಡು, ಸತ್ತವನಿಗೂ ಬುದ್ಧಿ ಹೇಳುತ್ತಿದ್ದಳು. ನನ್ನ ಮಾವನವರ ಪಾಯಸದಲ್ಲಿ ಏಲಕ್ಕಿ ಸಾಲದೆಂದು ಬೆಳಿಗ್ಗೆ ಎರಡನೆಯ ಸಲ ಕುಟ್ಟಿ ಹಾಕಿದವಳು ನಾನು.

ಮಡಿ, ಶೀನಪ್ಪ, ಬಡಾವಣೆ ಎಲ್ಲ ಹಾಳಾಗಿ ಹೋಗಲಿ ಎಂದು ಬಾಗಿ ಡಬ್ಬಿ ಎತ್ತಿಕೊಂಡೆ. ಹುಟ್ಟಿದ ಮೇಲೆ ಮೊದಲ ಸಲ ಅಂಥ ಡಬ್ಬಿ ಮುಟ್ಟಿದ್ದು. ಇನ್ನೂ ಬೆಚ್ಚಗಿತ್ತು. ಶೀನಪ್ಪನವರು "ಶ್ರೀಲಕ್ಷ್ಮಮ್ಮನೋರೆ!" ಎಂದು ಕೂಗಿದರು. ನಾನು ಗೇಟು ದಾಟಿ ಬೇವಿನಮರದ ತನಕ ಹೋಗಿ ಡಬ್ಬಿಯನ್ನು ತಾಯಕ್ಕನ ಮುಂದೆ ಹಿಡಿದೆ.

"ತಗೋ. ಬಡಸು. ಎಲ್ಲಾ ಬಡಸು. ನಂದು ತಪ್ಪಾತು."

ಅವಳು ಗಾಬರಿಯಾದಳು. ನನ್ನ ಮಡಿ ಸೀರೆ ನೋಡಿದಳು, ಡಬ್ಬಿ ಹಿಡಿದ ನನ್ನ ಕೈ ನೋಡಿದಳು. "ಅಯ್ಯಯ್ಯ, ನೀವ್ಯಾಕ ಮುಟ್ಟಿದ್ರಿ ಅಮ್ಮಾರ!" ಎಂದು ಡಬ್ಬಿಯನ್ನು ಕಸಿದುಕೊಂಡಳು. ಆದರೆ ಬಡಿಸಲಿಲ್ಲ. "ಈಗ ಬ್ಯಾಡ್ರಿ. ನೀರು ಬಿಟ್ಟೀನಿ, ಎಡಿ ಮುಗೀತು. ಉಂಡು ಎದ್ದೋರನ್ನ ಮತ್ತ ಎಲಿ ಮುಂದ ಕುಂದ್ರಸಬಾರ್ದು" ಎಂದಳು.

ಏನು ಹೇಳಲಿ? ಅವರ ಪದ್ಧತಿಯೂ ನಮ್ಮದರಷ್ಟೇ ಕಟ್ಟುನಿಟ್ಟು. ನಾನು ತಡಮಾಡಿದ್ದೆ, ಅಷ್ಟೆ.

ಹೊರಗೆ ಬಂದೆವು. ನಮ್ಮ ಮನೆಯ ಬಾಗಿಲಲ್ಲಿ ಬ್ರಾಹ್ಮಣರನ್ನು ಕಳಿಸಲು ಬಂದ ನಮ್ಮ ಮನೆಯವರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಚಂದ್ರಕಲಾ ಅವರನ್ನು ನೋಡಿದಳು. ರೂಢಿಯಂತೆ ಅವಳ ಕೈ ನಮಸ್ಕಾರಕ್ಕೆ ಎದ್ದಿತು, ಅರ್ಧಕ್ಕೆ ಇಳಿಯಿತು. ಅವರು ಏನೋ ಹೇಳಲು ಬಾಯಿ ತೆರೆದರು. ಊಟದ ತಟ್ಟೆಯ ಮುಂದೆ ರಾಜ್ಯಗಳನ್ನು ಅಳೆಯುವ ಆ ಮನುಷ್ಯ ಮಡಿ ಪಂಚೆಯ ಅಂಚು ಎತ್ತಿ ಹಿಡಿದು ಹಿಂದೆ ಸರಿದರು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಮದುವೆಯಾದ ಮೇಲೆ ಅವರನ್ನು ಅಷ್ಟು ಸಣ್ಣವರಾಗಿ ನಾನು ನೋಡಿರಲಿಲ್ಲ. ನಾನೇನು ಅವರಿಗಿಂತ ದೊಡ್ಡವಳಾಗಿ ಅಲ್ಲಿ ನಿಂತಿರಲಿಲ್ಲ.

ಗೇಟಿಗೆ ಮತ್ತೆ ಬೀಗ ಹಾಕಲು ಶೀನಪ್ಪನವರು ಕೈ ನೀಡಿದರು. ಕೀಲಿ ಕೊಟ್ಟೆ. ಎಡೆ ಕೊಟ್ಟಮೇಲೆ ಅಲ್ಲೇ ಕೂತು ಎಲ್ಲರೂ ಉಂಡು ಹೋಗುವುದು ಅವರಲ್ಲಿ ವಾಡಿಕೆ. ಬೇಲಿಗೂ ಕಾಲುವೆಗೂ ನಡುವೆ ನಾಲ್ಕು ಮಾರು ಅಗಲದ ನೆಲ ಉಳಿದಿದೆ, ಅಲ್ಲಿಯವರೆಗೂ ಬೇವಿನ ನೆರಳು ಬರುತ್ತದೆ. ತಾಯಕ್ಕ ಅಲ್ಲಿಗೆ ಹೋಗಿ ಬುಟ್ಟಿ ಇಳಿಸುವ ಮೊದಲು ನಮ್ಮ ಕಡೆ ತಿರುಗಿದಳು.

"ಇಲ್ಲಿ ಕುಂತು ಉಂಡ್ರ ನಡಿತೈತೇನ್ರಿ ಅಮ್ಮಾರ? ಇಲ್ಲಾ, ಇದೂ ನಿಮ್ದೇ ಏನ್ರಿ?"

ಚುಚ್ಚಿ ಕೇಳಿದ ಮಾತಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ತಿಳಿದುಕೊಳ್ಳಲೆಂದು ಕೇಳಿದ್ದಳು. ಅಲ್ಲ, ನಮ್ಮದಲ್ಲ, ಇದೂ ಅಲ್ಲ, ಅದೂ ಅಲ್ಲ ಎಂದು ಹೇಳಲು ಬಾಯಿ ತೆರೆದೆ. ನನ್ನ ದನಿ ಹೊರಡುವ ಮೊದಲೇ ಶೀನಪ್ಪನವರು ಬೀಗ ಎಳೆದು ನೋಡಿ, ಉದಾರವಾಗಿ ಕೈಬೀಸಿ ಹೇಳಿದರು.

"ಕೂಡ್ರಿ, ಕೂಡ್ರಿ. ಸದ್ಯಕ್ಕ ಅಡ್ಡಿ ಇಲ್ಲ."

ತಾಯಕ್ಕ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಇಬ್ಬರಿಗೂ ಕೈ ಮುಗಿದಳು. ನನಗೆ ಒಂದು ಸಲ ಹೆಚ್ಚಿಗೆ ಮುಗಿದಳು.